ಸ್ಪಷ್ಟನೆ: ಕಪ್ಪುಕುಳಿ ಅನಿಲವನ್ನೆಲ್ಲ ನುಂಗಿಬಿಡುವುದಿಲ್ಲ

ಪುಣೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಅನಿಲವನ್ನೆಲ್ಲ ನುಂಗುತ್ತದಂತೆ, ಅದಕ್ಕೇ ಹೊಸ ನಕ್ಷತ್ರಗಳು ಹುಟ್ಟುವುದು ನಿಲ್ಲುತ್ತದಂತೆ. ಜೊತೆಗೆ ನಮ್ಮ ಖೋಡದ್‌ನ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ ಡಿಶ್‌ಗಳ ಫೋಟೋ ಬೇರೆ!

ಅರ್ಧ ಸರಿ, ಅರ್ಧ ತಪ್ಪು. ಕಪ್ಪುಕುಳಿ ನುಂಗುವುದು ಸ್ವಲ್ಪ. ಹೊರಗೆ ತಳ್ಳುವುದೇ ಜಾಸ್ತಿ. ಒಳಗೆ ಬೀಳುವ ಅನಿಲ ಕಾದು ಹೊಳೆಯುತ್ತದೆ. ಆ ಬೆಳಕು, ಅಲ್ಲಿಂದ ಏಳುವ ಗಾಳಿ, ಜೆಟ್‌ಗಳು (ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಕಿರಿದಾದ ಧಾರೆಗಳು) ನಕ್ಷತ್ರ ಹುಟ್ಟಲು ಬೇಕಾದ ಸುತ್ತಲಿನ ಅನಿಲವನ್ನು ದೂಡುತ್ತವೆ. ಮಾರ್ಕೇರಿಯನ್ 231 ಗ್ಯಾಲಕ್ಸಿಯನ್ನೇ ನೋಡಿ. ಅಲ್ಲಿ ವರ್ಷಕ್ಕೆ ನೂರಾರು ಸೂರ್ಯರಷ್ಟು ಅನಿಲ ಹೊರಗೆ ಹರಿಯುತ್ತಿದೆ, ಸೆಕೆಂಡಿಗೆ ಸುಮಾರು 1,000 ಕಿ.ಮೀ. ವೇಗದವರೆಗೆ. ಅದೇ ಹೊತ್ತಿಗೆ ಅಲ್ಲಿ ನಕ್ಷತ್ರಗಳೂ ಭರದಿಂದ ಹುಟ್ಟುತ್ತಿವೆ. ಗ್ಯಾಲಕ್ಸಿಗಳು ಡಿಕ್ಕಿ ಹೊಡೆದಾಗ ನಡುವಿಗೆ ಜಾರುವ ಅನಿಲವೇ ಕಪ್ಪುಕುಳಿಗೂ ಹೊಸ ನಕ್ಷತ್ರಗಳಿಗೂ ಊಟ.

ಹಾಗಂತ ಎಲ್ಲವನ್ನೂ ಸುಮ್ನೆ ಕಪ್ಪುಕುಳಿಯ ತಲೆಗೆ ಕಟ್ಟುವಂತೆಯೂ ಇಲ್ಲ. ಎಂ82 ಗ್ಯಾಲಕ್ಸಿಯಲ್ಲಿ ಅನಿಲ ಚಿಮ್ಮಿಸುತ್ತಿರುವುದು ಮುಖ್ಯವಾಗಿ ಸೂಪರ್‌ನೋವಾಗಳು, ಅಂದರೆ ಸಿಡಿಯುವ ನಕ್ಷತ್ರಗಳು. ಸೆಂಟಾರಸ್ ಎ ಗ್ಯಾಲಕ್ಸಿಯಲ್ಲಂತೂ ಜೆಟ್ ಹಾದುಹೋದ ಕಡೆ ಎಳೆಯ ನಕ್ಷತ್ರಗಳೇ ಸಿಕ್ಕಿವೆ. ಸಂದೇಶ ಹೇಳುವುದಕ್ಕೆ ಪೂರ್ತಿ ಉಲ್ಟಾ, ಅಲ್ವಾ?

ಇನ್ನು ಫೋಟೋ. ಜಿಎಂಆರ್‌ಟಿಯ 30 ಡಿಶ್‌ಗಳು ರೇಡಿಯೋ ಅಲೆ ಹಿಡಿಯುತ್ತವೆ. ಅವುಗಳಲ್ಲಿ ಚೆನ್ನಾಗಿ ಕಾಣುವುದು ಹೊರಗೆ ಚಿಮ್ಮುವ ಜೆಟ್‌ಗಳೇ.