ಗತಂ ನಷ್ಟಂ ಚ ಲಭ್ಯತೇ, ಬೆಕ್ಕೊಂದನ್ನು ಬಿಟ್ಟು

ನಮ್ಮ ಬೆಕ್ಕಿಗೆ ಪುಟ್ಟ ಎಂದು ಹೆಸರಿಟ್ಟವರು ನಮ್ಮ ಅತ್ತೆಯವರು. ಮನೆಯೊಳಗೆ ಕರೆಯುವುದಕ್ಕೆ ಇದಕ್ಕಿಂತ ಮುದ್ದಾದ ಹೆಸರು ಇನ್ನೊಂದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ; ಆದರೆ ಮೈಸೂರಿನ ಸರಸ್ವತೀಪುರಂನಂಥ ಹಳೆಯ ಬಡಾವಣೆಯ ಬೀದಿಯಲ್ಲಿ ಸಂಜೆ ಏಳರ ಹೊತ್ತಿಗೆ ನಿಂತು "ಪುಟ್ಟಾ, ಪುಟ್ಟಾ" ಎಂದು ಗಟ್ಟಿಯಾಗಿ ಕೂಗಿದರೆ ಏನಾಗುತ್ತದೆ ಎಂಬುದು ಅದು ಕಾಣೆಯಾದ ದಿನವೇ ನಮಗೆ ತಿಳಿದದ್ದು. ಟ್ಯೂಷನ್ ಮುಗಿಸಿ ಬರುತ್ತಿದ್ದ ಹುಡುಗರಿಬ್ಬರು ತಟಕ್ಕನೆ ನಿಂತರು, ಮಹಡಿಯಿಂದ ಒಬ್ಬಳು ಹುಡುಗಿ ಇಣುಕಿದಳು, ಕೊನೆಗೆ ಎದುರು ಮನೆಯಿಂದ, ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ ರಾಯರು ಪಂಚೆ ಸರಿಪಡಿಸಿಕೊಳ್ಳುತ್ತ ಗೇಟಿಗೆ ಬಂದು, "ಯಾಕಮ್ಮಾ ಕರೆದದ್ದು?" ಎಂದು ಕೇಳಿದರು. ಎಪ್ಪತ್ತು ದಾಟಿದ ರಾಯರನ್ನು ಅವರ ತಾಯಿ ಪುಟ್ಟ ಎಂದೇ ಕರೆಯುತ್ತಿದ್ದರಂತೆ. ತಾಯಿ ತೀರಿಕೊಂಡ ಮೇಲೆ ಆ ಹೆಸರು ಹಿಡಿದು ಕರೆದವರು ನಾವೇ ಮೊದಲಿಗರೆಂದು ಅವರು ಕಣ್ಣು ತೇವ ಮಾಡಿಕೊಂಡಾಗ, ನಾವು ಕರೆದದ್ದು ಬೆಕ್ಕನ್ನು ಎಂದು ಹೇಳಲು ಬಹಳ ಸಂಕೋಚವಾಯಿತು.

ಆ ಸಂಕೋಚ ಕಳೆದ ಮೇಲೆ ಶೋಧದ ಯಜಮಾನಿಕೆಯನ್ನು ರಾಯರೇ ವಹಿಸಿಕೊಂಡರು. ಬೆಳಿಗ್ಗೆ ಹಾಲು ಕುಡಿದು ಹೊರಟ ಬೆಕ್ಕು ಎಷ್ಟು ದೂರ ಹೋಗಿರಬಹುದು ಎಂಬ ಪ್ರಶ್ನೆ ಬಂದಾಗ, ಎಂ.ಎಸ್ಸಿ. ಓದುತ್ತಿರುವ ಹಿಂದಿನ ಮನೆಯ ಹುಡುಗ ಮೊಬೈಲಿನಲ್ಲಿ ಹುಡುಕಿ, ಕಾಣೆಯಾದ ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನೊಳಗೇ ಸಿಕ್ಕಿವೆ ಎಂದು ಓದಿ ಹೇಳಿದ. ನಮಗೆಲ್ಲ ಅದು ಸಮಾಧಾನದ ಮಾತಾಗಿ ಕೇಳಿಸಿತು. ರಾಯರಿಗೆ ಮಾತ್ರ ಕ್ಷೇತ್ರಫಲದ ಲೆಕ್ಕವಾಗಿ ಕೇಳಿಸಿತು. ಯಾವುದೋ ಮದುವೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ನಮ್ಮ ಮನೆಯನ್ನು ಚುಕ್ಕೆಯಾಗಿ ಗುರುತಿಸಿ, ಸುತ್ತ ವೃತ್ತ ಎಳೆದು, ಕ್ಷಣಕಾಲ ಕಣ್ಣು ಮುಚ್ಚಿ, "194 ಎಕರೆ 3 ಗುಂಟೆ" ಎಂದು ಘೋಷಿಸಿದರು. ವೃತ್ತದ ಅಂಚಿಗೆ ಕುಕ್ಕರಹಳ್ಳಿ ಕೆರೆಯೂ ಒಂದಿಷ್ಟು ಸೇರಿದ್ದರಿಂದ, ಆ ಭಾಗವನ್ನು ಖರಾಬು ಎಂದು ಕಳೆಯಬೇಕೋ ಬೇಡವೋ ಎಂಬ ಚರ್ಚೆ ಬಹಳ ಹೊತ್ತು ನಡೆಯಿತು. ಅಷ್ಟರಲ್ಲಿ ಬೆಕ್ಕು ಬಂದು ಹೋಗಿದ್ದರೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಪ್ರಕಟಣೆಯನ್ನು ಬರೆಯುವ ಕೆಲಸ ನಮ್ಮವರ ಪಾಲಿಗೆ ಬಂತು. ಅವರಿಗೆ ಗೊತ್ತಿರುವ ಮಾದರಿಯೆಂದರೆ ಪತ್ರಿಕೆಯ ಮೂಲೆಯಲ್ಲಿ ಬರುವ ಪೊಲೀಸ್ ಪ್ರಕಟಣೆ ಒಂದೇ. ಹೀಗಾಗಿ "ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಮನೆಯಿಂದ ಹೊರಡುವಾಗ ಕೊರಳಲ್ಲಿ ನೀಲಿ ಪಟ್ಟಿ ಧರಿಸಿದ್ದ" ಎಂದು ಶುರುವಾಯಿತು. ಸಾಧಾರಣ ಮೈಕಟ್ಟು ಎಂದರೆ ನಮ್ಮ ಪುಟ್ಟನನ್ನು ಕಂಡವರೂ ಇದು ಆ ಬೆಕ್ಕಲ್ಲವೆಂದು ಬಿಟ್ಟುಬಿಡುತ್ತಾರೆ ಎಂದು ನಾನು ಹೇಳಿದರೆ, ಮಗುವನ್ನು ದಪ್ಪ ಎಂದು ಊರಿಗೆಲ್ಲ ಬರೆದು ಅಂಟಿಸಿದರೆ ದೃಷ್ಟಿಯಾಗುತ್ತದೆ ಎಂದು ಅತ್ತೆಯವರು ತಡೆದರು. ಕೊನೆಗೆ "ದೃಢಕಾಯ" ಎಂಬಲ್ಲಿಗೆ ರಾಜಿಯಾಯಿತು. "ಮಾತನಾಡುವ ಭಾಷೆ" ಎಂಬ ಸಾಲನ್ನೂ ಬಿಡಲು ಒಪ್ಪದ ನಮ್ಮವರು, "ಕನ್ನಡ ಅರ್ಥವಾಗುತ್ತದೆ, ಓಗೊಡುವುದಿಲ್ಲ" ಎಂದು ಬರೆದರು. ಇದನ್ನು ಯಾರೂ ತಮಾಷೆಯೆಂದು ತಿಳಿಯಬಾರದು. ಬೆಕ್ಕುಗಳು ತಮ್ಮನ್ನು ಸಾಕಿದವರ ದನಿಯನ್ನು ಅಪರಿಚಿತರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತವೆ, ಕಿವಿಯನ್ನೋ ತಲೆಯನ್ನೋ ಇಷ್ಟು ತಿರುಗಿಸುತ್ತವೆ, ಆದರೆ ಎದ್ದು ಬರುವ ಗೋಜಿಗೆ ಹೋಗುವುದಿಲ್ಲ ಎಂಬುದನ್ನು ಜಪಾನಿನ ಸಂಶೋಧಕರು 2013ರಲ್ಲೇ ತೋರಿಸಿಕೊಟ್ಟಿದ್ದಾರೆ. ಬೆಕ್ಕು ಸಾಕಿದ ಯಾವ ಮನೆಯವರನ್ನು ಕೇಳಿದ್ದರೂ ಅವರ ಖರ್ಚು ಉಳಿಯುತ್ತಿತ್ತು.

ಪ್ರಕಟಣೆಯ ಮೇಲೆ ನಂಬಿಕೆಯಿಲ್ಲದವರೆಂದರೆ ಮೂರನೇ ಮನೆಯ ಅಯ್ಯಂಗಾರ್ ಅಜ್ಜಿ ಒಬ್ಬರೇ. ಕಳೆದ ವಸ್ತುವಿಗೆ ಕಾರ್ತವೀರ್ಯಾರ್ಜುನನ ಸ್ಮರಣೆಯೇ ಮದ್ದು ಎಂದು ಅವರು ಜಗಲಿಯ ಮೇಲೆ ಕುಳಿತು, "ಕಾರ್ತವೀರ್ಯಾರ್ಜುನೋ ನಾಮ ರಾಜಾ ಬಾಹುಸಹಸ್ರವಾನ್, ತಸ್ಯ ಸ್ಮರಣಮಾತ್ರೇಣ ಗತಂ ನಷ್ಟಂ ಚ ಲಭ್ಯತೇ" ಎಂದು ಜಪ ಹಿಡಿದರು. ಅಜ್ಜಿ ತೆಂಗಲೆಯವರು. ತಾಯಿಬೆಕ್ಕು ಮರಿಯನ್ನು ತಾನೇ ಕಚ್ಚಿಕೊಂಡು ಹೋಗುವಂತೆ ಭಗವಂತನೇ ಜೀವವನ್ನು ಎತ್ತಿಕೊಳ್ಳುತ್ತಾನೆ, ಜೀವ ಸುಮ್ಮನಿದ್ದರೆ ಸಾಕು ಎಂಬ ಮಾರ್ಜಾಲ ನ್ಯಾಯ ಅವರದು. ಆದ್ದರಿಂದ ಬೆಕ್ಕಿನ ವಿಷಯದಲ್ಲಿಯಂತೂ ಓಡಾಡಿ ಪ್ರಯೋಜನವಿಲ್ಲ, ತಾನಾಗಿ ಸಿಗುತ್ತದೆ ಎಂದರು. ಮೂಲೆಮನೆಯ ಮಾಮ ವಡಗಲೆಯವರು. ಮರಿಕೋತಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದಿರಬೇಕು, ಸ್ವಪ್ರಯತ್ನವಿಲ್ಲದೆ ಯಾವುದೂ ಸಿಗದು ಎಂದು ಹೇಳುತ್ತ ಅವರು ಟಾರ್ಚ್ ಹಿಡಿದು ಕನ್ಸರ್ವೆನ್ಸಿ ಗಲ್ಲಿಗೆ ಇಳಿದೇಬಿಟ್ಟರು. ಶತಮಾನಗಳಿಂದ ಇತ್ಯರ್ಥವಾಗದ ಚರ್ಚೆಗೆ ನಮ್ಮ ಪುಟ್ಟನಿಂದ ಹೊಸ ಜೀವ ಬಂತು.

ಮಂತ್ರ ಫಲಿಸತೊಡಗಿದ್ದು ಮರುದಿನ ಬೆಳಿಗ್ಗೆಯಿಂದ. ಬೆಕ್ಕು ಹುಡುಕುವವರಿಗೆ ನಮ್ಮ ಬೀದಿಯಲ್ಲಿ ದೊರೆಯುವ ಪ್ರವೇಶಾಧಿಕಾರ ಆದಾಯ ತೆರಿಗೆಯವರಿಗೂ ದೊರೆಯಲಾರದು. ವರ್ಷಗಟ್ಟಲೆ ಹಜಾರದ ಆಚೆ ಕಾಲಿಡದಿದ್ದ ಮನೆಗಳಲ್ಲಿ ಉಗ್ರಾಣ, ಬಚ್ಚಲ ಒಲೆಯ ಸಂದು, ಮಂಚದ ಅಡಿ, ಅಟ್ಟ, ಎಲ್ಲವೂ ನಮಗೆ ತೆರೆದುಕೊಂಡವು. ಬೇಡವೆಂದು ಯಾರೂ ಹೇಳುವಂತಿಲ್ಲ, ಹೇಳಿದರೆ ಬೆಕ್ಕನ್ನು ಅವರೇ ಬಚ್ಚಿಟ್ಟಂತಾಗುತ್ತದೆ. ರಾಯರ ಬಿದಿರೇಣಿ ಮಾಮನ ಹಿತ್ತಿಲಲ್ಲಿ ಸಿಕ್ಕಿತು. ಮಾಮನ ಮಡಿಕೋಲು ಮಹಡಿಮನೆಯ ಹುಡುಗರ ಕೈಯಲ್ಲಿ ವಿಕೆಟ್ಟಾಗಿತ್ತು. ನಮ್ಮ ಇಡ್ಲಿ ಪಾತ್ರೆಯ ಮೇಲಿನ ತಟ್ಟೆ ಒಬ್ಬರ ಮನೆಯಲ್ಲಿ ತುಳಸಿಕಟ್ಟೆಯ ಮುಂದೆ ಹಕ್ಕಿಗಳಿಗೆ ನೀರಿಡುವ ಬಟ್ಟಲಾಗಿ ಪುಣ್ಯ ಸಂಪಾದಿಸುತ್ತಿತ್ತು. ಇವನ್ನು ಕಳವು ಎಂದು ಕರೆಯುವಷ್ಟು ಒರಟುತನ ನಮ್ಮ ಬೀದಿಯಲ್ಲಿಲ್ಲ. "ಕೊಡೋಣ ಅಂತಲೇ ಎತ್ತಿಟ್ಟಿದ್ದೆ ಕಣ್ರೀ" ಎಂಬ ಒಂದು ಮಾತಿಗೆ ಎಲ್ಲವೂ ಇತ್ಯರ್ಥವಾಗುತ್ತವೆ. ಇತ್ಯರ್ಥವಾಗದೆ ಉಳಿದದ್ದು ಒಂದು ಸ್ಟೀಲಿನ ಡಬರಿ ಮಾತ್ರ. ಅಜ್ಜಿಯ ಮನೆಯ ಅಟ್ಟದಿಂದ ಇಳಿದ ಅದರ ಅಂಚನ್ನು ಅತ್ತೆಯವರು ಸೆರಗಿನಿಂದ ಉಜ್ಜಿ ಬಿಸಿಲಿಗೆ ವಾರೆಯಾಗಿ ಹಿಡಿದಾಗ, ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು ಮೂಡಿದವು: "ಗೃಹಪ್ರವೇಶದ ನೆನಪಿಗೆ, 11-5-84." ಹೆಸರಿದ್ದ ಜಾಗ ಸಬೀನಾ ಪುಡಿಯ ಉಜ್ಜಾಟಕ್ಕೆ ಪೂರ್ತಿ ಸವೆದುಹೋಗಿತ್ತು. ಆ ಒಂದೇ ಮುಹೂರ್ತದಲ್ಲಿ ನಮ್ಮ ಬೀದಿಯ ಎರಡು ಮನೆಗಳ ಗೃಹಪ್ರವೇಶ ನಡೆದಿದ್ದರಿಂದ, ಎರಡೂ ಮನೆಯವರು ಈಗಲೂ ಪರಸ್ಪರ "ನಿಮ್ಮದೇ ಇರಬಹುದು, ಇಟ್ಟುಕೊಳ್ಳಿ" ಎಂದು ಹೇಳುತ್ತಲೇ ಅದನ್ನು ಬಿಗಿಯಾಗಿ ಹಿಡಿದಿದ್ದಾರೆ.

ಬೆಕ್ಕುಗಳೇ ಸಿಗಲಿಲ್ಲವೆಂದಲ್ಲ, ಅವೂ ಸಿಕ್ಕವು. ಇಸ್ತ್ರಿ ಅಂಗಡಿಯ ಹುಡುಗ ಗೋಣಿಚೀಲದಲ್ಲಿ ತಂದದ್ದು ಕಪ್ಪು, ಬಿಳಿ, ಕೇಸರಿ ಮೂರೂ ಬಣ್ಣವಿದ್ದ ಬೆಕ್ಕು. ಮೂರು ಬಣ್ಣದ ಬೆಕ್ಕುಗಳು ಬಹುಪಾಲು ಹೆಣ್ಣೇ ಆಗಿರುತ್ತವೆ, ನಮ್ಮದು ಗಂಡು ಎಂದು ವಿವರಿಸಿದರೆ, "ಕೇಸರಿ ಇದೆಯಲ್ಲಾ ಮೇಡಂ" ಎಂದು ನಮಗೇ ಸಮಾಧಾನ ಹೇಳಿದ.

ಆ ಸಂಜೆ ಎಂ.ಎಸ್ಸಿ. ಹುಡುಗ ಅದೇ ಅಧ್ಯಯನವನ್ನು ಮುಂದೆ ಓದಿ, ಹೆದರಿದ ಬೆಕ್ಕು ಮನೆಯ ಹತ್ತಿರವೇ ಎಲ್ಲಾದರೂ ಅವಿತು ಸದ್ದಿಲ್ಲದೆ ಕೂತುಬಿಡುತ್ತದೆ ಎಂದಾಗ, ರಾಯರು 194 ಎಕರೆಯನ್ನು ಮನಸ್ಸಿಲ್ಲದ ಮನಸ್ಸಿನಿಂದ ಕೈಬಿಟ್ಟರು. ಹುಡುಕದೆ ಉಳಿದದ್ದು ನಮ್ಮ ಪಕ್ಕದ ಮನೆಯೊಂದೇ. ಅವರು ಹಿಂದಿನ ದಿನ ಬೆಳಿಗ್ಗೆ ಬಾಗಿಲು ತೆರೆದಿಟ್ಟುಕೊಂಡು ಕಾರಿಗೆ ಸಾಮಾನು ತುಂಬಿ, ಬೀಗ ಹಾಕಿ, ಬೆಂಗಳೂರಿನ ಮಗಳ ಮನೆಗೆ ಹೊರಟಿದ್ದರು. ಫೋನ್ ಮಾಡಿದರೆ ಬೀಗದ ಕೈ ಅಜ್ಜಿಯ ಬಳಿ ಇದೆಯೆಂದರು. ಅಜ್ಜಿ ನನ್ನ ಬಳಿ ಇಲ್ಲವೇ ಇಲ್ಲವೆಂದರು. ಬಹಳ ಹುಡುಕಿದ ಮೇಲೆ ಅದು ದೇವರ ಮನೆಯ ಹಳೆಯ ಪಂಚಪಾತ್ರೆಯೊಳಗೆ ಉದ್ಧರಣೆಯ ಜೊತೆ ಸಿಕ್ಕಿತು. "ನೋಡಿದೆಯಾ, ಗತಂ ನಷ್ಟಂ ಚ ಲಭ್ಯತೇ" ಎಂದು ಅಜ್ಜಿ ಮಾಮನ ಕಡೆ ತಿರುಗಿ ಹೇಳಿದರು.

ಆ ಮನೆಯ ಅಟ್ಟದ ತುಂಬ ದಸರಾ ಗೊಂಬೆಗಳು. ರಾಯರ ಏಣಿಯನ್ನು ಮಾಮ ಹಿಡಿದುಕೊಂಡರು, ನಮ್ಮವರು ಹತ್ತಿದರು, ನಾನು ಹಿಂದಿನಿಂದ ಟಾರ್ಚ್ ಬಿಟ್ಟೆ. ಬೆಳಕು ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿಟ್ಟ ದಶಾವತಾರವನ್ನು ದಾಟಿ, ಸೆರಗು ಸರಿದಿದ್ದ ಪಟ್ಟದ ರಾಣಿಯನ್ನು ದಾಟಿ, ರಟ್ಟಿನ ಪೆಟ್ಟಿಗೆಯಲ್ಲಿದ್ದ ಶೆಟ್ಟರ ಅಂಗಡಿಗೆ ಬಂದು ನಿಂತಿತು. ಬಣ್ಣದಲ್ಲಿ ಬರೆದ ಅಷ್ಟು ಕಣ್ಣುಗಳ ನಡುವೆ ಎರಡು ಮಾತ್ರ ಹಸಿರಾಗಿ ಹೊಳೆದವು. ಬೆಕ್ಕಿನ ಅಕ್ಷಿಪಟಲದ ಹಿಂದಿರುವ ಪದರ ಬಿದ್ದ ಬೆಳಕನ್ನು ಹಾಗೆಯೇ ಹಿಂದಕ್ಕೆ ಕಳುಹಿಸುತ್ತದೆ. ಶೆಟ್ಟರನ್ನು ಗೋಡೆಗೆ ಒರಗಿಸಿ, ಶೆಟ್ಟಮ್ಮನ ಪಕ್ಕದ ಜಾಗವನ್ನು ಆಕ್ರಮಿಸಿ, ಮರದ ತಕ್ಕಡಿಗೆ ಗಲ್ಲವಾನಿಸಿ ಪುಟ್ಟ ಮಲಗಿದ್ದ. ಇಡೀ ಬೀದಿ ಕೂಗಿದ್ದೆಲ್ಲ ಅವನಿಗೆ ಕೇಳಿಸಿತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಆ ಪೆಟ್ಟಿಗೆಗೆ ಇದ್ದ ದೂರವನ್ನು ರಾಯರು ಟೇಪು ಹಿಡಿದು ಅಳೆದಾಗ ಅದು 9 ಮೀಟರ್ ಇತ್ತು.

ಸುದ್ದಿ ತಿಳಿಸಲು ಬೆಂಗಳೂರಿಗೆ ಫೋನ್ ಮಾಡಿದೆವು. ಪಕ್ಕದ ಮನೆಯಾಕೆ ಮೊದಲು ಶೆಟ್ಟರ ಯೋಗಕ್ಷೇಮ ಕೇಳಿದರು, ಆಮೇಲೆ ಪುಟ್ಟನದು. ಅಟ್ಟ ಹತ್ತಿದ್ದು ಹೇಗೂ ಹತ್ತಿದ್ದೀರಿ, ನಮ್ಮ ಹಿತ್ತಾಳೆಯ ಚಕ್ಕುಲಿ ಒರಳು ಅಲ್ಲೇನಾದರೂ ಇದೆಯೇ ನೋಡಿ ಎಂದು ಕೇಳಿಕೊಂಡರು. ಅಲ್ಲಿರಲಿಲ್ಲ. ಅದು ಯಾರ ಮನೆಯಲ್ಲಿದೆ ಎಂಬುದು ಬೀದಿಗೆಲ್ಲ ಗೊತ್ತು. ಪ್ರತಿ ಗೋಕುಲಾಷ್ಟಮಿಯಂದು ಆ ಮನೆಯಿಂದ ಬರುವ ಚಕ್ಕುಲಿಯ ಸುತ್ತುಗಳನ್ನು ನೋಡಿಯೇ ಅತ್ತೆಯವರು ಬಿಲ್ಲೆ ಯಾವುದೆಂದು ಗುರುತಿಸಿದ್ದಾರೆ. ಆದರೆ ಪುಟ್ಟ ಅಲ್ಲಿಗೆ ಹೋಗಿ ಕಳೆದುಹೋಗುವ ತನಕ ಯಾರೂ ಆ ಮನೆಯ ಒಳಗೆ ಹೋಗಿ ಹುಡುಕುವಂತಿಲ್ಲ, ಮತ್ತು ಅವರು ನಾಯಿ ಸಾಕಿದ್ದಾರೆ.