ಹೊಗೆ ಅನ್ನಬಾರದಂತೆ, ‘ಮೌಸಮ್’ ಅನ್ನಬೇಕಂತೆ

ಊರಿಂದ ಫೋನ್ ಮಾಡುವವರೆಲ್ಲ ಹೇಳುವುದು ಒಂದೇ ಮಾತು. “ಕಾಶೀಲಿ ಇದ್ದೀರಿ, ಪುಣ್ಯ ಮಾಡಿದ್ರಿ ಕಣ್ರೀ.” ಹೌದು, ಮಾಡಿದ್ದೇವೆ. ಪುಣ್ಯದ ಜೊತೆ ಒಂದು ನೆಬುಲೈಸರೂ ಮನೆಗೆ ಬಂದಿದೆ, ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಮೆಷಿನ್ನು. ನಿನ್ನೆ ರಾತ್ರಿ ಎರಡು ಗಂಟೆಗೆ ಅದರ ಮಾಸ್ಕನ್ನು ನನ್ನ ಆರು ವರ್ಷದ ಮಗನ ಮುಖಕ್ಕೆ ಹಿಡಿದುಕೊಂಡು ಕೂತಿದ್ದೆ. ಮೊದಮೊದಲು ಅದರ ಗರ್ ಸದ್ದಿಗೆ ಹೆದರಿ ಅಳುತ್ತಿದ್ದ. ಈಗ ಆ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಾನೆ. ಹೊಟ್ಟೆ ಉರಿಯದೆ ಇನ್ನೇನು?

ಯಜಮಾನರಿಗೆ ಟ್ರಾನ್ಸ್‌ಫರ್ ಆಗಿ ವಾರಾಣಸಿಗೆ ಬಂದಿದ್ದು. ಇದು ಮೂರನೇ ಚಳಿಗಾಲ. ನಮ್ಮದು ತೀರ್ಥಹಳ್ಳಿ ಕಡೆ. ಮೊದಲ ವರ್ಷ ಒಂದು ಬೆಳಗ್ಗೆ ಕಿಟಕಿ ತೆಗೆದರೆ ಬೀದಿಯೆಲ್ಲ ಬೆಳ್ಳಗೆ ಮುಚ್ಚಿಹೋಗಿತ್ತು. ಮಗ “ಅಮ್ಮಾ, ತುಂಗಾ ಹೊಳೆ ಮಂಜು!” ಅಂತ ಕುಣಿದ. ನಾನೂ ಹಾಗೇ ಅಂದುಕೊಂಡೆ. ಆದರೆ ಹೊಳೆ ಮಂಜಿಗೆ ವಾಸನೆ ಇರಲ್ಲ. ಇದರಲ್ಲಿ ಸುಟ್ಟ ಪ್ಲಾಸ್ಟಿಕ್ಕು, ಡೀಸೆಲ್ಲು, ಬೆರಣಿ ಎಲ್ಲದರ ವಾಸನೆಯೂ ಇತ್ತು.

ಆಮೇಲೆ ಕೆಮ್ಮು ಶುರುವಾಯಿತು. ಡಾಕ್ಟರ್ ಅಂದರು, “ಮೌಸಮ್ ಬದಲ್ ರಹಾ ಹೈ.” ಹವೆ ಬದಲಾಗ್ತಾ ಇದೆ ಅಂತ. ಸ್ಕೂಲಿನ ಟೀಚರೂ ಮೌಸಮ್ ಅಂದರು. ಮೆಡಿಕಲ್ ಶಾಪಿನವನು ಸಿರಪ್ ಕೊಡುತ್ತಾ ಮೌಸಮ್ ಅಂದ, ಅವನೂ ಕೆಮ್ಮುತ್ತಿದ್ದ. ನವೆಂಬರಿನಲ್ಲಿ ಬದಲಾಗಲು ಶುರುವಾದ ಮೌಸಮ್ ಫೆಬ್ರವರಿವರೆಗೂ ಬದಲಾಗುತ್ತಲೇ ಇರುತ್ತದೇನ್ರೀ? ಹೊಗೆ ಅಂತ ಒಬ್ಬರಾದರೂ ಬಾಯಿ ಬಿಟ್ಟು ಹೇಳಬಾರದಾ?

ಚಳಿಯ ಪಾಲೇ ಇಲ್ಲ ಅಂತ ನಾನೂ ಹೇಳಲ್ಲ. ಈ ಕಾಲದಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ. ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಗಾಳಿ ಬೀಸುವುದೂ ಕಮ್ಮಿ. ಹೊಗೆ ಮೇಲೆ ಹೋಗಲಾರದೆ ನಮ್ಮ ಮೂಗಿನ ಮಟ್ಟದಲ್ಲೇ ಸುತ್ತುತ್ತದೆ. ಸರಿ, ತಟ್ಟೆ ಚಳಿಯದ್ದು. ಪಾತ್ರೆಯೊಳಗೆ ಬೇಯುತ್ತಿರುವುದು ಯಾರದ್ದು? ಸುತ್ತಲಿನ ಇಟ್ಟಿಗೆ ಭಟ್ಟಿ, ಕಲ್ಲಿದ್ದಲ ಒಲೆ, ಅಗೆದು ಬಿಟ್ಟ ರಸ್ತೆ, ಮೂಲೆಮೂಲೆಗೆ ಕಸದ ಬೆಂಕಿ. ಇದನ್ನೆಲ್ಲ ಮೌಸಮ್ ತಂದು ಇಟ್ಟಿತಾ?

ಊರಿನವರು ಕೇಳುವ ಇನ್ನೊಂದು ಪ್ರಶ್ನೆ, “ಮಣಿಕರ್ಣಿಕಾ ಘಾಟಿನ ಹೊಗೆ ಅಲ್ವಾ ಅದು?” ಅಲ್ಲ ಮಾರಾಯ್ರೆ. ನಾವಿರುವುದು ಸುಂದರ್‌ಪುರದ ಕಡೆ. ಹೆಣ ಸುಡುವ ಆ ಘಾಟ್ ಎಲ್ಲಿ, ನಾವೆಲ್ಲಿ! ಪಾಪ, ಸತ್ತವರ ತಲೆಗೆ ಇದನ್ನೂ ಕಟ್ಟಬೇಡಿ.

ಅತ್ತೆಯವರದು ಬೇರೆಯೇ ಕಥೆ. ಬೆಳಗ್ಗೆ ಐದು ಗಂಟೆಗೆ ಇ-ರಿಕ್ಷಾ ಹಿಡಿದು ಅಸ್ಸಿ ಘಾಟಿಗೆ ಹೋಗಲೇಬೇಕು. ಹೊಗೆ ನೆಲಕ್ಕೆ ಅಂಟಿಕೊಂಡಿರುವ ಹೊತ್ತೇ ಅದು. ಬಿಪಿ ಇದೆ, ಹಾರ್ಟಿಗೆ ಸ್ಟೆಂಟ್ ಹಾಕಿದೆ. ಪಿಎಂ 2.5 ಅನ್ನುತ್ತಾರಲ್ಲ, ಆ ಕಣ ನಮ್ಮ ತಲೆಕೂದಲಿನ ದಪ್ಪದಲ್ಲಿ ಮೂವತ್ತರಲ್ಲಿ ಒಂದು ಪಾಲು. ಶ್ವಾಸಕೋಶಕ್ಕೆ ಹೋಗಿ ಅಲ್ಲೇ ನಿಲ್ಲಲ್ಲ, ರಕ್ತಕ್ಕೂ ಇಳಿಯುತ್ತದೆ. ಹಾರ್ಟ್ ಅಟ್ಯಾಕು, ಸ್ಟ್ರೋಕು ಎಲ್ಲದರ ಅಪಾಯವೂ ಹೆಚ್ಚುತ್ತದೆ. ಹೇಳಿದರೆ “ಗಂಗಮ್ಮ ನೋಡ್ಕೋತಾಳೆ, ನೀ ಸುಮ್ನಿರು ಮಾರಾಯ್ತಿ” ಅನ್ನುತ್ತಾರೆ. ಆದರೆ ದಿನಾ ಪೂಜೆಗೆ ಮೊದಲು ಬಾಲ್ಕನಿಯ ತುಳಸಿ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸುವವರೂ ಅವರೇ. ಬಿಳಿ ಬಟ್ಟೆ ಕಾಡಿಗೆ ಒರೆಸಿದ ಹಾಗೆ ಆಗುತ್ತದೆ. ಅದನ್ನು ಎತ್ತಿ ತೋರಿಸಿದರೆ ಮುಖ ಆ ಕಡೆ ತಿರುಗಿಸುತ್ತಾರೆ.

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಊರೂರಿನ ಗಾಳಿಯ ಲೆಕ್ಕ ಹೊರಗೆ ಬಿಟ್ಟಿತ್ತು. ಗಾಳಿ ಕೆಟ್ಟ ಊರುಗಳಲ್ಲಿ ಕಾನ್ಪುರ, ಫರೀದಾಬಾದ್ ಆದಮೇಲೆ ಮೂರನೆಯದು ಈ ವಾರಾಣಸಿ. ಪಿಎಂ 2.5 ವರ್ಷದ ಸರಾಸರಿ ಘನ ಮೀಟರಿಗೆ 151 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿಯೇ 40. ಆಮೇಲೆ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಯೋಜನೆ ಬಂತು. ಗಂಗೆಯ ದೋಣಿಗಳಿಗೆ ಡೀಸೆಲ್ ಬಿಡಿಸಿ ಸಿಎನ್‌ಜಿ ಹಾಕಿಸಿದರು, ಒಳ್ಳೆಯದಾಯಿತು. ಅಂಕಿಯೂ ಇಳಿದಿದೆ, ಒಪ್ಪಿದೆ. ಆದರೆ ಆ ಯೋಜನೆಯಲ್ಲಿ ಊರುಗಳಿಗೆ ಮಾರ್ಕ್ಸ್ ಕೊಡುವುದು ಪಿಎಂ 10 ನೋಡಿ, ಅಂದರೆ ದಪ್ಪ ಧೂಳು ಕಮ್ಮಿಯಾಯಿತಾ ಅಂತ. ಹಾಗಾಗಿ ಟ್ಯಾಂಕರ್ ತಂದು ರಸ್ತೆಗೆ ನೀರು ಹೊಡೆಯುತ್ತಾರೆ. ನನ್ನ ಮಗನ ಎದೆಯಲ್ಲಿ ಗೊರಗೊರ ಅನ್ನಿಸುವ ಆ ಸಣ್ಣ ಕಣ ನೀರಿಗೆಲ್ಲ ಬಗ್ಗಲ್ಲ. ಗಾಳಿ ಅಳೆಯುವ ಮೆಷಿನ್‌ಗಳಲ್ಲಿ ನಮಗೆ ಹತ್ತಿರದ್ದು ಇರುವುದು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ. ಅಲ್ಲಿ ಎಲ್ಲಿ ನೋಡಿದರೂ ಮರ. ಆ್ಯಪಿನಲ್ಲಿ ‘ಪರವಾಗಿಲ್ಲ’ ಅಂತ ಬರುತ್ತದೆ, ಇಲ್ಲಿ ಕಣ್ಣು ಉರಿಯುತ್ತಿರುತ್ತದೆ. ನಮ್ಮ ಗಲ್ಲಿಯ ಕಸದ ಗುಡ್ಡೆ ಪಕ್ಕ ಒಂದು ಮೆಷಿನ್ ಇಡಿ ನೋಡೋಣ.

ಆ ಗುಡ್ಡೆ! ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ, ದೊಡ್ಡ ಮಟ್ಟದಲ್ಲಿ ಸುಟ್ಟರೆ 25,000 ಅಂತ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ. ನಮ್ಮಲ್ಲಿ ಬೆಳಗ್ಗೆ ಐದೂವರೆಗೆ ಕಡ್ಡಿ ಗೀರುವವನೇ ಕಸ ಗುಡಿಸುವವನು. ಹೋದ ಸೋಮವಾರ ತಡೆಯಲಾರದೆ ನೈಟಿ ಮೇಲೆ ಶಾಲು ಹೊದ್ದುಕೊಂಡು ಕೆಳಗಿಳಿದೆ. ಸರಿಯಾಗಿ ಬಯ್ಯಬೇಕು ಅಂತಲೇ ಹೋಗಿದ್ದು. ನೋಡಿದರೆ ಸ್ವೆಟರ್ ಇಲ್ಲ, ಕಾಲಲ್ಲಿ ಹರಿದ ಹವಾಯಿ ಚಪ್ಪಲಿ, ಎರಡೂ ಕೈ ಬೆಂಕಿಗೆ ಚಾಚಿ ಕುಕ್ಕರಗಾಲಲ್ಲಿ ಕೂತಿದ್ದಾನೆ. “ಗಾಡಿ ಬಂದು ನಾಲ್ಕು ದಿನ ಆಯ್ತು ಭಾಭಿಜಿ. ಕಸ ನನ್ನ ಮನೆಗೆ ಹೊತ್ಕೊಂಡು ಹೋಗ್ಲಾ?” ಅಂದ. ಅಂದವನೇ ಕೆಮ್ಮಿದ. ನನ್ನ ಬೈಗುಳ ಬಾಯಲ್ಲೇ ಉಳಿಯಿತು. ಮೇಲೆ ಹೋಗಿ ಒಂದು ಬಕೆಟ್ ನೀರು ತಂದು ಸುರಿದೆ. ಬೆಂಕಿ ಆರಿ ಹೊಗೆ ಎರಡರಷ್ಟಾಯಿತು. ಅಕ್ಕಪಕ್ಕದವರೆಲ್ಲ ಕಿಟಕಿ ತೆಗೆದು ನನ್ನನ್ನೇ ಬಯ್ದರು.

ಸಂಬಂಧಪಟ್ಟವರಿಗೆ ಫೋನಿನಲ್ಲಿ ದೂರು ಕೊಟ್ಟೆ. ಉದ್ದದ ನಂಬರ್ ಒಂದನ್ನು ಬರೆಸಿದರು. ಗುರುವಾರ ಮೆಸೇಜ್ ಬಂತು, ನಿಮ್ಮ ದೂರು ಬಗೆಹರಿದಿದೆ ಅಂತ. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಗುಡ್ಡೆ ಪಕ್ಕದ ಮನೆಯ ಗೇಟಿನ ಮುಂದಕ್ಕೆ ಹೋಗಿತ್ತು. ಹೊಗೆ ಮಾತ್ರ ಸೀದಾ ನಮ್ಮ ತುಳಸಿ ಕಡೆಗೇ ಬರುತ್ತಿತ್ತು.