ಗುಂಡನಿಗೆ ಹೊಲಿಸಿದ ಸ್ವೆಟರ್

ಅಕ್ಟೋಬರ್ ಬಂತೆಂದರೆ ಇಲ್ಲಿ ಅಮೆರಿಕದ ಅರಿಜೋನಾದಲ್ಲಿ ಎಲ್ಲರ ಫೋನಿನಲ್ಲೂ ಬಟ್ಟೆ ತೊಟ್ಟ ಆಮೆಗಳದ್ದೇ ಮೆರವಣಿಗೆ. ಕುಂಬಳಕಾಯಿ ಆಮೆ, ಬರ್ಗರ್ ಆಮೆ, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡ ಆಮೆ. ವೇಷ ಹಾಕಿ ಸಂಭ್ರಮಿಸುವ ಹ್ಯಾಲೋವೀನ್ ಹಬ್ಬದ ಸಡಗರ. ಹೋದ ವರ್ಷ ನಾವೂ ಆ ಕೆಲಸಕ್ಕೆ ಕೈ ಹಾಕಿದೆವು.

ನಮ್ಮ ಗುಂಡ ಮರುಭೂಮಿಯ ಆಮೆ. ಅಂಗಡಿಯಿಂದ ತಂದವನಲ್ಲ, ದತ್ತು ಪಡೆದವನು. ಇಲ್ಲಿ ಅದಕ್ಕೆ ಕಟ್ಟುನಿಟ್ಟು ಜಾಸ್ತಿ. ಹಿತ್ತಲಲ್ಲಿ ಬಿಲ ಮಾಡಿಕೊಡಬೇಕು, ರಾಜ್ಯ ದಾಟಿಸುವಂತಿಲ್ಲ, ಸಾಕಾದ ಮೇಲೆ ಕಾಡಿಗೆ ಬಿಡುವಂತೆಯೂ ಇಲ್ಲ.

ಮೈಸೂರಿನಿಂದ ಅಮ್ಮ ಬಂದಿದ್ದರು. ಮೊಮ್ಮಗಳು ಕುಂಬಳಕಾಯಿ ಆಮೆಯ ಫೋಟೋ ತೋರಿಸಿದ್ದೇ ತಡ, ಕ್ರೋಶಾ ಕಡ್ಡಿ ಹಿಡಿದು ಕೂತರು. "ಪಾಪ, ರಾತ್ರಿ ಹೊತ್ತು ಇದಕ್ಕೆ ಚಳಿ ಆಗಲ್ವೇನೇ?" ಎರಡೇ ದಿನದಲ್ಲಿ ಕಿತ್ತಳೆ ಬಣ್ಣದ ಸ್ವೆಟರ್ ರೆಡಿ. ನಾಲ್ಕು ಕಾಲಿಗೂ ತೂತು, ತೂತಿಗೊಂದು ಇಲಾಸ್ಟಿಕ್, ಕಣ್ಣಿನ ಜಾಗಕ್ಕೆ ಎರಡು ಕರಿ ಗುಂಡಿ.

ಮಗಳು ಗುಂಡನನ್ನು ಎತ್ತಿ ಹಿಡಿದಳು. ನಾನು ಹಿಂಗಾಲನ್ನು ತೂತಿಗೆ ತೂರಿಸುತ್ತಿದ್ದೆ. ಅವನು ಬುಸ್ಸೆಂದು ತಲೆ ಒಳಗೆಳೆದುಕೊಂಡ. ಮರುಕ್ಷಣ ನನ್ನ ಮೊಣಕೈವರೆಗೂ ಉಚ್ಚೆ! ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಗುವ ವಿಷಯ ಅಲ್ಲವೆಂದು ಆಮೇಲೆ ಗೊತ್ತಾಯಿತು. ಈ ಆಮೆಗೆ ಮೂತ್ರಕೋಶವೇ ನೀರಿನ ತೊಟ್ಟಿ. ಮಳೆ ಬಂದಾಗ ಕುಡಿದದ್ದನ್ನು ಅಲ್ಲಿ ಕೂಡಿಟ್ಟುಕೊಂಡು ಒಣ ದಿನಗಳನ್ನು ತಳ್ಳುತ್ತದೆ. ಹೆದರಿದರೆ ಅದನ್ನೆಲ್ಲ ಚೆಲ್ಲಿಬಿಡುತ್ತದೆ. ಕಾಡಿನಲ್ಲಾದರೆ ಪ್ರಾಣಕ್ಕೇ ಕುತ್ತು. ಗುಂಡನ ಮುಂದೆ ಅಗಲದ ತಟ್ಟೆಯಲ್ಲಿ ನೀರಿಟ್ಟೆವು, ಬಚಾವಾದ.

ಇನ್ನು ಅಮ್ಮನ ಚಳಿ ಪ್ರಶ್ನೆ. ಬಿಸಿ ಅನ್ನದ ಪಾತ್ರೆಗೆ ಬಟ್ಟೆ ಸುತ್ತಿದರೆ ಬಿಸಿ ಉಳಿಯುತ್ತದೆ. ತಣ್ಣಗಿನ ಕಲ್ಲಿಗೆ ಸುತ್ತಿದರೆ? ಆಮೆಯ ಮೈ ನಮ್ಮ ಹಾಗೆ ತಾನೇ ಶಾಖ ಹುಟ್ಟಿಸುವುದಿಲ್ಲ. ಬೆಳಗಿನ ಬಿಸಿಲಿಗೆ ಬೆನ್ನೊಡ್ಡಿ ಕಾಯಿಸಿಕೊಂಡರೇನೇ ಓಡಾಟ, ಊಟ, ಅರಗುವುದು ಎಲ್ಲ. ಸ್ವೆಟರ್ ಹಾಕಿ ಆ ಬಿಸಿಲನ್ನೂ ತಪ್ಪಿಸುತ್ತೇವೆ. ಸರಿ, ಚಳಿಗಾಲಕ್ಕಾದರೂ ಬೇಕಲ್ಲ ಅಂದರೆ, ಆಗ ಗುಂಡ ಬಿಲದೊಳಗೆ ತಿಂಗಳುಗಟ್ಟಲೆ ನಿದ್ದೆಯಲ್ಲಿರುತ್ತಾನೆ.

ಇಲಾಸ್ಟಿಕ್ ಅಂತೂ ಬೇಡವೇ ಬೇಡ. ಆಮೆಯ ಪಕ್ಕೆಲುಬುಗಳು ಚಿಪ್ಪಿಗೇ ಬೆಸೆದುಕೊಂಡಿವೆ, ಎದೆ ಉಬ್ಬಿಸಿ ಉಸಿರೆಳೆಯಲು ಆಗುವುದಿಲ್ಲ. ಕಾಲು ಹೊರಬರುವ ಸಂದಿಯ ಸ್ನಾಯುಗಳೂ ಆ ಕೆಲಸ ಮಾಡಬೇಕು. ನಾವು ಬಿಗಿಯಲು ಹೊರಟಿದ್ದು ಸರಿಯಾಗಿ ಅಲ್ಲೇ! ಚಿಪ್ಪಿಗೆ ಅಂಟು, ಪೇಂಟ್ ಕೂಡ ಬೇಡ. ಅದೇನು ಹೆಂಚಲ್ಲ, ಜೀವ ಇರುವ ಮೂಳೆ. ಹಳೇ ಬ್ರಶ್ಶಿನಿಂದ ಬೆನ್ನು ಉಜ್ಜಿದರೆ ಗುಂಡ ಹಿಂಭಾಗ ಕುಣಿಸುತ್ತಾನೆ, ನೋಡಬೇಕು ನೀವು.

ಹಾಗಂತ ಫೋಟೋನೇ ತೆಗೆಯಬೇಡಿ ಎನ್ನುವಷ್ಟು ಬಿಗಿ ನಾನಲ್ಲ. ಕಟ್ಟದೆ, ಎತ್ತದೆ, ಅವನು ನೆಲದ ಮೇಲಿದ್ದಾಗ ಹಗುರಾದ ಒಂದು ಟೋಪಿಯನ್ನು ಚಿಪ್ಪಿನ ಮೇಲಿಡಿ. ನೆರಳಿರಲಿ, ತಲೆ ಕಾಲು ಬಾಲ ಪೂರ್ತಿ ಬಿಡುವಾಗಿರಲಿ. ಎರಡು ನಿಮಿಷ, ಕ್ಲಿಕ್, ತೆಗೆದುಬಿಡಿ. ತಲೆ ಒಳಗೆ ಹೋಯಿತೋ, ಆಟ ಮುಗಿಯಿತು. ಎಳೆ, ಗುಂಡಿ ಏನೂ ಉದುರುವಂತಿರಬಾರದು. ಕೆಂಪು ದಾಸವಾಳ ಕಂಡರೆ ಓಡಿ ಬರುವ ನಮ್ಮ ಗುಂಡ ಕಿತ್ತಳೆ ಉಲ್ಲನ್ನಿಗೂ ಬಾಯಿ ಹಾಕಿದ್ದ. ಅದು ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ ಡಾಕ್ಟರ ಹತ್ತಿರ ಓಡಬೇಕು.

ಇದನ್ನು ಓದಿ ಊರಿನಲ್ಲಿ ಯಾರಾದರೂ "ನಮಗೂ ಒಂದು ಆಮೆ" ಅಂದುಕೊಂಡರೆ, ದಯವಿಟ್ಟು ಬೇಡ. ಕೋಲಾರ, ಚಿಂತಾಮಣಿ ಕಡೆಯ ನಕ್ಷತ್ರ ಆಮೆಯನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಅದೂ ಹುಲಿಯ ಜೊತೆ ಮೊದಲನೇ ಪಟ್ಟಿಯಲ್ಲಿದೆ. ಕಳ್ಳಸಾಗಣೆಯವರೂ ಆಮೆಗೆ ಬಟ್ಟೆ ಸುತ್ತುತ್ತಾರೆ, ಗೊತ್ತಲ್ಲ? ಕಾಲುಚೀಲಕ್ಕೆ ತುರುಕಿ, ತಲೆ ಕಾಲು ಹೊರಬಾರದಂತೆ ಟೇಪು ಬಿಗಿದು, ಸೂಟ್‌ಕೇಸಿನಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಅಂಥದ್ದೊಂದು ಪೆಟ್ಟಿಗೆಯ ಫೋಟೋ ನೋಡಿದ ಮೇಲೆ ಬರ್ಗರ್ ಆಮೆಗೆ ಲೈಕ್ ಒತ್ತಲು ನನಗೆ ಕೈ ಬರುತ್ತಿಲ್ಲ.

ಅಮ್ಮನಿಗೆ ಮೊದಲು ಬೇಜಾರಾಯಿತು, ಎರಡು ದಿನದ ಕೆಲಸ ಅಲ್ವಾ. ಆಮೇಲೆ ತಾವೇ ಇಲಾಸ್ಟಿಕ್ ಬಿಚ್ಚಿ, ಕಾಲಿನ ತೂತು ಹೊಲಿದರು. ಈಗ ಅದು ನಮ್ಮ ಇಡ್ಲಿ ಡಬ್ಬಿಯ ಮೇಲಿದೆ. ಒಂಬತ್ತಕ್ಕೆ ಮುಚ್ಚಿಟ್ಟರೆ ಹನ್ನೊಂದಕ್ಕೂ ಬಿಸಿ.